ಶುಕ್ರವಾರದ ಊಟಕ್ಕೆ ಯಾರನ್ನು, ಹೇಗೆ ಕರೆಯಬೇಕು?

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಆರು ವರ್ಷಗಳಿಂದ ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಚಟುವಟಿಕೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ವರ್ಷ ಇಲ್ಲಿನ ಯಹೂದಿ ವಿದ್ಯಾರ್ಥಿ ಸಂಘಕ್ಕೆ ನನ್ನನ್ನು ಸಲಹೆಗಾರಳನ್ನಾಗಿ ನೇಮಿಸಿದ್ದಾರೆ. ಕ್ಯಾಂಪಸ್ಸಿನಲ್ಲಿ ಸುಮಾರು ಐನೂರು ಯಹೂದಿ ವಿದ್ಯಾರ್ಥಿಗಳಿರಬಹುದು ಎಂಬ ಅಂದಾಜಿದೆ. ಸೆಮಿಸ್ಟರಿನ ಆರಂಭದಲ್ಲಿ ಇನ್ನೂರು ಜನಕ್ಕಾಗುವಷ್ಟು ಪಿಜ್ಜಾ ತರಿಸಿ ದೊಡ್ಡ ಸ್ವಾಗತ ಕೂಟ ಏರ್ಪಡಿಸಿದೆವು. ಬಂದವರು ಮೂವತ್ತೊಂದು ಜನ, ಅವರಲ್ಲಿಯೂ ಹೆಚ್ಚಿನವರು ಪದಾಧಿಕಾರಿಗಳು ಮತ್ತು ಅವರ ಗೆಳೆಯರು. ಆಮೇಲೆ ಬೌಲಿಂಗ್, ಸಿನಿಮಾ ಎಲ್ಲವನ್ನೂ ಮಾಡಿದೆವು. ಅದೇ ಮುಖಗಳೇ ಬಂದವು. ಮಿಕ್ಕವರನ್ನು ಸಾಮಾಜಿಕ ಚಟುವಟಿಕೆಗಳ ಮೂಲಕ ಹತ್ತಿರ ತರುವುದು ಹೇಗೆ? ನಮ್ಮ ಕಡೆಯ ಅಡುಗೆ ಮಾಡಿ ಬಡಿಸಬಹುದೇ? ನಾನು ಯಹೂದಿಯಲ್ಲ, ಈ ಕೆಲಸಕ್ಕೆ ನಾನು ಅರ್ಹಳೇ ಎಂಬ ಅಳುಕೂ ಇದೆ.

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಅಳುಕು ಮನಸ್ಸಿನಲ್ಲಿ ಉಳಿದುಬಿಟ್ಟರೆ ಮಿಕ್ಕ ಯಾವ ಸಲಹೆಯೂ ಕೈಗೆ ಹತ್ತುವುದಿಲ್ಲ. ಅಮೆರಿಕದ ಕ್ಯಾಂಪಸ್ಸುಗಳಲ್ಲಿ ಯಹೂದಿ ವಿದ್ಯಾರ್ಥಿಗಳಿಗಾಗಿ ಇರುವ ಅತಿ ದೊಡ್ಡ ಸಂಸ್ಥೆ ಹಿಲೆಲ್. ಇಂದು 800ಕ್ಕೂ ಹೆಚ್ಚು ಕ್ಯಾಂಪಸ್ಸುಗಳನ್ನು ಮುಟ್ಟುವ ಈ ಸಂಸ್ಥೆ 1923ರಲ್ಲಿ ನಿಮ್ಮದೇ ಮಧ್ಯಪಶ್ಚಿಮದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಅದರ ಹುಟ್ಟಿಗೆ ಕಾರಣರಾದವರಲ್ಲಿ ಒಬ್ಬರು ಎಡ್ವರ್ಡ್ ಚಾನ್ಸಿ ಬಾಲ್ಡ್ವಿನ್ ಎಂಬ ಕ್ರೈಸ್ತ ಪ್ರಾಧ್ಯಾಪಕರು. ಬೈಬಲನ್ನು ಸಾಹಿತ್ಯವಾಗಿ ಪಾಠ ಮಾಡುತ್ತಿದ್ದ ಅವರು, ತಮ್ಮ ತರಗತಿಯ ಯಹೂದಿ ವಿದ್ಯಾರ್ಥಿಗಳಿಗೆ ತಮ್ಮದೇ ಪರಂಪರೆಯ ಪರಿಚಯ ಅಷ್ಟಾಗಿ ಇಲ್ಲದ್ದನ್ನು ಕಂಡು ನೊಂದುಕೊಂಡು, ಆ ಸಮುದಾಯದ ಹಿರಿಯರಿಗೆ ಅದನ್ನು ಮನಗಾಣಿಸಿದರು. ಬೆಂಜಮಿನ್ ಫ್ರಾಂಕೆಲ್ ಎಂಬ ಯುವ ರಬ್ಬಿ (ಯಹೂದಿ ಧರ್ಮಗುರು) ಕೆಲಸವನ್ನು ಕೈಗೆತ್ತಿಕೊಂಡು, ಯಹೂದಿ ಪರಂಪರೆಯ ಪ್ರಾಚೀನ ವಿದ್ವಾಂಸನೊಬ್ಬನ ಹೆಸರನ್ನೇ ಅದಕ್ಕಿಟ್ಟು ನಡೆಸಿದರು. 1927ರಲ್ಲಿ, ಕೇವಲ ಮೂವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಹೊರಗಿನವರೊಬ್ಬರು ಗಮನವಿಟ್ಟು ನೋಡಿದ್ದರಿಂದಲೇ ಆ ಬಾಗಿಲು ತೆರೆಯಿತು ಎಂಬುದನ್ನು ನೀವು ಮರೆಯಬೇಡಿ. ಪ್ರಾರ್ಥನೆ ಹೇಳಿಸುವುದು, ಧರ್ಮ ಬೋಧಿಸುವುದು ನಿಮ್ಮ ಕೆಲಸವಲ್ಲ. ಕೋಣೆ, ಹಣ, ಅನುಮತಿ, ಸಮಯ ಇವನ್ನು ಹೊಂದಿಸಿಕೊಡುವುದು ಮತ್ತು ಯಾರು ಬಂದಿಲ್ಲ ಎಂಬುದನ್ನು ಗಮನಿಸುವುದು ನಿಮ್ಮ ಕೆಲಸ. ಎರಡು ದಶಕಗಳಿಂದ ಕ್ಯಾಂಪಸ್ಸುಗಳಲ್ಲಿ ಇದೇ ಕೆಲಸ ಮಾಡುತ್ತಿರುವ ನಾನೂ ಯಹೂದಿಯಲ್ಲ.

ಇನ್ನು ಪಿಜ್ಜಾ ಕೂಟದ ವಿಷಯ. ಅದು ಸೋತದ್ದೇಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಭ್ರಾತೃಸಂಘಗಳು ಯಹೂದಿಗಳನ್ನು ಒಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. 1898ರಲ್ಲಿ ನ್ಯೂಯಾರ್ಕಿನಲ್ಲಿ ಝೀಟಾ ಬೀಟಾ ಟೌ, 1909ರಲ್ಲಿ ಬಾರ್ನಾರ್ಡ್ ಕಾಲೇಜಿನ ವಿದ್ಯಾರ್ಥಿನಿಯರ ಆಲ್ಫಾ ಎಪ್ಸಿಲಾನ್ ಫೀ, 1913ರಲ್ಲಿ ಆಲ್ಫಾ ಎಪ್ಸಿಲಾನ್ ಪೈ ಎಂಬ ಯಹೂದಿ ವಿದ್ಯಾರ್ಥಿ ಸಂಘಗಳು ಹುಟ್ಟಿದ್ದು ಆ ವಾತಾವರಣದಲ್ಲಿ. 1906ರಲ್ಲಿ ಹಾರ್ವರ್ಡಿನಲ್ಲಿ ಯಹೂದಿ ವಿದ್ಯಾರ್ಥಿಗಳ ಮೆನೋರಾ ಸೊಸೈಟಿ ಆರಂಭವಾಯಿತು. ಅದೇ ಹಾರ್ವರ್ಡಿನ ಅಧ್ಯಕ್ಷ ಲಾರೆನ್ಸ್ ಲೋವೆಲ್ 1922ರಲ್ಲಿ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಬೇಕೆಂದು ಪ್ರಸ್ತಾಪಿಸಿದರು. ಬೇರೆಲ್ಲ ಬಾಗಿಲುಗಳೂ ಮುಚ್ಚಿದ್ದ ಆ ಕಾಲದಲ್ಲಿ ಯಹೂದಿ ವಿದ್ಯಾರ್ಥಿಗೆ ಕುಣಿಯಲು, ಹರಟಲು, ಗೆಳೆಯರನ್ನು ಹುಡುಕಿಕೊಳ್ಳಲು ತನ್ನವರದೊಂದು ಕೋಣೆ ಬೇಕೇಬೇಕಿತ್ತು. ಕೋಣೆ ತೆರೆದಿಟ್ಟರೆ ಸಾಕು, ಜನ ಬರುತ್ತಿದ್ದರು. ಇಂದು ಆ ಬಾಗಿಲುಗಳೆಲ್ಲ ತೆರೆದಿವೆ. ನಿಮ್ಮ ಐನೂರು ವಿದ್ಯಾರ್ಥಿಗಳು ರೋಯಿಂಗ್ ತಂಡದಲ್ಲಿದ್ದಾರೆ, ನಾಟಕ ಸಂಘದಲ್ಲಿದ್ದಾರೆ, ರೋಬಾಟಿಕ್ಸ್ ಲ್ಯಾಬಿನಲ್ಲಿದ್ದಾರೆ. ಬೌಲಿಂಗ್ ಬೇಕಾದವರು ತಮ್ಮ ಹಾಸ್ಟೆಲಿನ ಗೆಳೆಯರ ಜೊತೆ ಹೋಗುತ್ತಾರೆ, ಪಿಜ್ಜಾ ಎಲ್ಲ ಕಡೆಯೂ ಸಿಗುತ್ತದೆ. ಬೇರೆಡೆ ಸಿಗುವುದನ್ನೇ ಯಹೂದಿ ಸಂಘದ ಹೆಸರಿನಲ್ಲಿ ಕೊಟ್ಟರೆ ಅವರು ಬರಲು ಕಾರಣವೇ ಇರುವುದಿಲ್ಲ.

ಇದಕ್ಕೆ ಇನ್ನೊಂದು ಮುಖವಿದೆ, ಮತ್ತು ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. ಪ್ಯೂ ಸಂಶೋಧನಾ ಕೇಂದ್ರವು 2020ರಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮೂವತ್ತರ ಒಳಗಿನ ಅಮೆರಿಕನ್ ಯಹೂದಿಗಳಲ್ಲಿ ಶೇಕಡಾ 40ರಷ್ಟು ಜನ ಧರ್ಮದ ದೃಷ್ಟಿಯಿಂದ ತಮ್ಮನ್ನು ಯಹೂದಿಗಳೆಂದು ಕರೆದುಕೊಳ್ಳುವುದಿಲ್ಲ. ಮನೆತನ, ಸಂಸ್ಕೃತಿ, ವಂಶ ಇವುಗಳ ಮೂಲಕ ಮಾತ್ರ ಯಹೂದಿಗಳೆಂದು ಹೇಳುತ್ತಾರೆ. ತಂದೆಯೋ ತಾಯಿಯೋ ಬೇರೆ ಧರ್ಮದವರಾಗಿರುವ ಮನೆಗಳಿಂದ ಬಂದವರೂ ಬಹಳ ಮಂದಿ. ಇಂಥ ವಿದ್ಯಾರ್ಥಿಯನ್ನು ದೂರ ಇಡುವುದು ಉದಾಸೀನವಲ್ಲ, ಸಂಕೋಚ. ‘ನನಗೆ ಹೀಬ್ರೂ ಓದಲು ಬರುವುದಿಲ್ಲ, ಯಾವಾಗ ಎದ್ದು ನಿಲ್ಲಬೇಕೋ ಗೊತ್ತಿಲ್ಲ, ನಾನು ಸರಿಯಾದ ಯಹೂದಿಯೇ ಅಲ್ಲ’ ಎಂಬ ಮಾತನ್ನು ನಾನು ಎಷ್ಟು ಬಾರಿ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ನಿಮಗಿದು ಹೊಸದಾಗಿರಲಾರದು. ಅಲ್ಲಿಯೇ ಹುಟ್ಟಿ ಬೆಳೆದ ನಮ್ಮವರ ಮಕ್ಕಳು ಕನ್ನಡ ಕೂಟದ ಯುಗಾದಿಗೆ ಬಂದು, ಯಾರಾದರೂ ಕನ್ನಡದಲ್ಲಿ ಮಾತಾಡಿಸಿಬಿಟ್ಟಾರು ಎಂದು ಅಮ್ಮನ ಸೆರಗಿನ ಹಿಂದೆಯೇ ನಿಲ್ಲುವುದನ್ನು ನೀವು ಕಂಡಿರುತ್ತೀರಿ. ದೊಡ್ಡ ಹಾಲಿನ ಕೂಟವು ಇಂಥವರ ಸಂಕೋಚವನ್ನು ಹೆಚ್ಚಿಸುತ್ತದೆಯೇ ಹೊರತು ಕರಗಿಸುವುದಿಲ್ಲ, ಏಕೆಂದರೆ ಅಲ್ಲಿ ಆಗಲೇ ಪರಸ್ಪರ ಪರಿಚಯವಿರುವ ಹತ್ತು ಜನ ಒಂದು ಗುಂಪಾಗಿ ನಿಂತಿರುತ್ತಾರೆ ಮತ್ತು ಹೊಸಬರು ಕೈಯಲ್ಲಿ ತಟ್ಟೆ ಹಿಡಿದು ಗೋಡೆಗೆ ಆತುಕೊಂಡು ಐದು ನಿಮಿಷ ನಿಂತು ಹೊರಟುಹೋಗುತ್ತಾರೆ.

ಆದ್ದರಿಂದ ಮೊದಲು ಬದಲಾಗಬೇಕಾದದ್ದು ಕರೆಯುವ ರೀತಿ. ಅಂಚೆಯಲ್ಲಿ ಬಂದ ಲಗ್ನಪತ್ರಿಕೆಗೂ ಮನೆಗೇ ಬಂದು ಕುಂಕುಮ ಕೊಟ್ಟು, ‘ಹಿಂದಿನ ದಿನವೇ ಬಂದುಬಿಡಿ, ಹೂವಿನ ಜವಾಬ್ದಾರಿ ನಿಮ್ಮದು’ ಎಂದು ಕರೆದದ್ದಕ್ಕೂ ಇರುವ ವ್ಯತ್ಯಾಸವನ್ನು ನಾನು ನಿಮಗೆ ವಿವರಿಸಬೇಕಾಗಿಲ್ಲ. ಗೋಡೆಗೆ ಅಂಟಿಸಿದ ಭಿತ್ತಿಪತ್ರ, ಎಲ್ಲರಿಗೂ ಒಟ್ಟಿಗೆ ಹೋಗುವ ಇಮೇಲ್, ಇನ್‌ಸ್ಟಾಗ್ರಾಮಿನ ಚಿತ್ರ ಇವೆಲ್ಲ ಅಂಚೆಯ ಪತ್ರಿಕೆಗಳು. ಹಿಲೆಲ್ ಈ ಸಂಗತಿಯನ್ನು 2000ದ ದಶಕದಲ್ಲಿ ಗಂಭೀರವಾಗಿ ತೆಗೆದುಕೊಂಡು, ಕಟ್ಟಡದೊಳಕ್ಕೆ ಬರುವವರಿಗೆ ಕಾರ್ಯಕ್ರಮ ಮಾಡುವುದರ ಬದಲು ಬಾರದವರ ಬಳಿಗೆ ಅವರ ಓರಗೆಯವರನ್ನೇ ಕಳುಹಿಸುವ ಪದ್ಧತಿಯನ್ನು ಬೆಳೆಸಿತು. ಇದಕ್ಕಾಗಿ ವಿದ್ಯಾರ್ಥಿಗಳಿಗೆ ಸಣ್ಣ ಸಂಬಳ ಕೊಟ್ಟು, ತಮ್ಮ ಹಾಸ್ಟೆಲಿನ ಮಹಡಿಯಲ್ಲಿ, ತಮ್ಮ ತಂಡದಲ್ಲಿ, ತಮ್ಮ ತರಗತಿಯಲ್ಲಿ ಇರುವವರೊಡನೆ ಕಾಫಿಗೆ ಕೂತು ಮಾತನಾಡಲು ಹೇಳಲಾಯಿತು. ಆ ಕೆಲಸಕ್ಕೆ ಸಂಘದಲ್ಲಿ ಆಗಲೇ ಮುಳುಗಿರುವವರಿಗಿಂತ ಸಂಘದ ಅಂಚಿನಲ್ಲಿದ್ದವರೇ ಹೆಚ್ಚು ಉಪಯುಕ್ತ ಎಂಬುದು ಅದರ ಜಾಣತನ. ಪದಾಧಿಕಾರಿಯ ಗೆಳೆಯರೆಲ್ಲ ಆಗಲೇ ಒಳಗಿದ್ದಾರೆ. ಅಂಚಿನಲ್ಲಿರುವವರ ಗೆಳೆಯರು ಹೊರಗಿದ್ದಾರೆ.

ನೀವು ಮಾಡಬೇಕಾದದ್ದೂ ಅದೇ. ಆ ಮೂವತ್ತೊಂದು ಜನರಲ್ಲಿ ಪದಾಧಿಕಾರಿಗಳನ್ನು ಬಿಟ್ಟು, ಒಂದೇ ಬಾರಿ ಬಂದು ಹೋದ ನಾಲ್ವರನ್ನು ಆರಿಸಿ. ಪ್ರತಿಯೊಬ್ಬರೊಡನೆಯೂ ಅರ್ಧ ಗಂಟೆ ಕೂತು ಮಾತನಾಡಿ. ಏನು ಓದುತ್ತಾರೆ, ಊರಿನಲ್ಲಿ ಹಬ್ಬ ಹೇಗಿರುತ್ತಿತ್ತು, ಅಜ್ಜಿ ಏನು ಅಡುಗೆ ಮಾಡುತ್ತಿದ್ದರು ಎಂಬುದನ್ನು ಕೇಳಿ. ಅವರ ನಂಬಿಕೆಯನ್ನು ವಿಚಾರಿಸಬೇಡಿ. ಆಮೇಲೆ ಅವರು ತಮಗೆ ಗೊತ್ತಿರುವ ಇಬ್ಬರು ಮೂವರನ್ನು ಹೆಸರು ಹಿಡಿದು ಕರೆಯಲಿ. ನೀವು ಸರ್ಕಾರಿ ವಿಶ್ವವಿದ್ಯಾಲಯದ ನೌಕರರು. ಯಾರು ಯಹೂದಿ ಎಂದು ದಾಖಲೆ ಹುಡುಕುವುದು, ಹೆಸರಿನ ಕೊನೆಯ ಭಾಗ ನೋಡಿ ಊಹಿಸುವುದು ನಿಮ್ಮಿಂದ ಆಗಕೂಡದು. ಗೆಳೆಯರು ಗೆಳೆಯರನ್ನು ಕರೆದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಕರೆಯುವಾಗ ಒಂದು ಸಣ್ಣ ಕೆಲಸವನ್ನೂ ಜೊತೆಗೆ ಒಪ್ಪಿಸಬೇಕು. ‘ಶುಕ್ರವಾರ ಊಟವಿದೆ, ಬಾ’ ಎನ್ನುವುದಕ್ಕಿಂತ ‘ಶುಕ್ರವಾರ ಹತ್ತು ಜನ ಊಟಕ್ಕೆ ಸೇರುತ್ತಿದ್ದೇವೆ, ನೀನು ಬರುವಾಗ ಐಸ್ ತರುತ್ತೀಯಾ?’ ಎನ್ನುವುದು ಎಷ್ಟೋ ಪಾಲು ಮೇಲು. ನಾನು ಕೆಲಸ ಮಾಡಿದ ಒಂದು ಕ್ಯಾಂಪಸ್ಸಿನಲ್ಲಿ ಭೌತಶಾಸ್ತ್ರದ ಹುಡುಗನೊಬ್ಬ ನಾಲ್ಕು ವಾರ ಬರೀ ಮಡಿಸುವ ಕುರ್ಚಿಗಳನ್ನು ಜೋಡಿಸಲು ಬರುತ್ತಿದ್ದ. ಊಟಕ್ಕೆ ಐದು ನಿಮಿಷ ಇರುವಾಗ ‘ಲ್ಯಾಬ್ ಇದೆ’ ಎಂದು ಹೇಳಿ ಹೊರಡುತ್ತಿದ್ದ. ಯಾರೂ ಅವನನ್ನು ಒತ್ತಾಯಿಸಲಿಲ್ಲ. ಐದನೆಯ ವಾರ ಒಂದು ಕುರ್ಚಿಯ ಕಾಲು ಸರಿಯಾಗಿ ಕೂರುತ್ತಿರಲಿಲ್ಲ; ಅದರಲ್ಲಿ ಬೇರೆಯವರು ಕೂತರೆ ಬಿದ್ದಾರೆಂದು ತಾನೇ ಅದರ ಮೇಲೆ ಕೂತ, ಊಟ ಮುಗಿಯುವವರೆಗೂ ಏಳಲಿಲ್ಲ. ಕೆಲಸವಿರುವವನಿಗೆ ಅಲ್ಲಿ ನಿಲ್ಲಲು ಒಂದು ಕಾರಣ ಸಿಗುತ್ತದೆ ಮತ್ತು ಆ ಕಾರಣಕ್ಕೆ ಹೀಬ್ರೂ ಬರಬೇಕಾಗಿಲ್ಲ.

ಯಾವ ಚಟುವಟಿಕೆಗೆ ಕರೆಯಬೇಕೆಂದರೆ, ಮೊದಲಿಗೆ ಶುಕ್ರವಾರ ಸಂಜೆಯ ಊಟಕ್ಕೆ. ಕನ್ನಡ ಬೈಬಲಿನಲ್ಲಿ ಸಬ್ಬತ್ ಎಂದಿರುವ ವಾರದ ವಿಶ್ರಾಂತಿ ದಿನವನ್ನೇ ಇಲ್ಲಿನ ವಿದ್ಯಾರ್ಥಿಗಳು ಶಬ್ಬಾತ್ ಎನ್ನುತ್ತಾರೆ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರ ಮೂಡುವವರೆಗೆ ಅದರ ಅವಧಿ. ಇದರಲ್ಲಿ ಬೇರೆಲ್ಲೂ ಸಿಗದ ಒಂದು ವಸ್ತುವಿದೆ: ವಾರ ಮುಗಿಯಿತು ಎಂದು ಹೇಳುವ, ಫೋನು ಕೆಳಗಿಡಿಸುವ, ಅಪರಿಚಿತರನ್ನು ಒಂದೇ ಮೇಜಿಗೆ ಕೂರಿಸುವ ಸಂಜೆ. ಸಂಪ್ರದಾಯನಿಷ್ಠ ಯಹೂದಿಗಳಾದ ಖಬಾದ್ ಪಂಥದವರು ಇದನ್ನು ಬಹಳ ಚೆನ್ನಾಗಿ ಅರಿತವರು. 2008ರ ಮುಂಬೈ ದಾಳಿಯಲ್ಲಿ ನಾರಿಮನ್ ಹೌಸ್ ಎಂಬ ಹೆಸರನ್ನು ನಾವೆಲ್ಲ ಕೇಳಿದೆವಲ್ಲ, ಅದು ಇದೇ ಪಂಥದ ಅತಿಥಿಗೃಹ. ಅವರ ಮೊದಲ ಕ್ಯಾಂಪಸ್ ಮನೆ 1969ರಲ್ಲಿ ಲಾಸ್ ಏಂಜಲೀಸಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಳಿ ತೆರೆಯಿತು. ರಬ್ಬಿ ಮತ್ತು ಅವರ ಹೆಂಡತಿ ಕ್ಯಾಂಪಸ್ಸಿನ ಪಕ್ಕದಲ್ಲೇ ಸಂಸಾರ ಹೂಡಿ, ತಮ್ಮ ಮನೆಯ ಊಟದ ಮೇಜಿಗೇ ವಿದ್ಯಾರ್ಥಿಗಳನ್ನು ಕರೆಯುವುದು ಅವರ ಕ್ರಮ. ಮಕ್ಕಳು ಓಡಾಡುತ್ತಿರುತ್ತವೆ, ಅಡುಗೆಮನೆಯಿಂದ ಸಾರಿನ ಘಮ ಬರುತ್ತಿರುತ್ತದೆ. ಅವರ ಧಾರ್ಮಿಕ ನಿಲುವುಗಳನ್ನು ಒಪ್ಪದ ವಿದ್ಯಾರ್ಥಿಗಳೂ ಅಲ್ಲಿಗೆ ಹೋಗುತ್ತಾರೆ. ಅದು ಮನೆ ಎಂಬುದೇ ಅದಕ್ಕೆ ಕಾರಣ. ನಿಮ್ಮ ಊರಿನಲ್ಲಿ ಖಬಾದ್ ಇದ್ದರೆ ಅವರನ್ನು ಪ್ರತಿಸ್ಪರ್ಧಿಗಳೆಂದು ಎಣಿಸದೆ, ಯಾವ ವಾರ ಯಾರಲ್ಲಿ ಊಟವೆಂದು ಮಾತನಾಡಿಕೊಳ್ಳಿ.

ಆ ಸಂಜೆ ಹೇಗೆ ನಡೆಯುತ್ತದೆಂಬುದನ್ನು ನೀವು ಮೊದಲೇ ತಿಳಿದಿರಬೇಕು. ಸೂರ್ಯಾಸ್ತಕ್ಕೆ ವಾಡಿಕೆಯಂತೆ ಹದಿನೆಂಟು ನಿಮಿಷ ಮೊದಲು ದೀಪ ಹಚ್ಚುತ್ತಾರೆ. ಎಲ್ಲರೂ ಸೇರಿದ ಮೇಲೆ ದೇವದೂತರನ್ನು ಸ್ವಾಗತಿಸುವ ಹಾಡು, ಆಮೇಲೆ ಬಟ್ಟಲು ಎತ್ತಿ ಕಿದ್ದುಷ್ ಎಂಬ ಆಶೀರ್ವಚನ. ಅಮೆರಿಕದಲ್ಲಿ ಇಪ್ಪತ್ತೊಂದು ತುಂಬದವರಿಗೆ ಮದ್ಯ ನಿಷಿದ್ಧವಾದ್ದರಿಂದ ನಿಮ್ಮ ಮೇಜಿನಲ್ಲಿ ದ್ರಾಕ್ಷಿ ರಸ ಇರಲಿ. ಸಂಪ್ರದಾಯಕ್ಕೆ ಅದರಿಂದ ಲೋಪವಿಲ್ಲ. ಎರಡು ಹಿಡಿಯ ಪಾತ್ರೆಯಿಂದ ಕೈಗೆ ನೀರು ಹಾಕಿಕೊಂಡ ಮೇಲೆ ಬ್ರೆಡ್ಡು ಮುರಿಯುವವರೆಗೆ ಮಾತಾಡುವಂತಿಲ್ಲ. ಈ ಮೌನ ಗೊತ್ತಿಲ್ಲದ ಹೊಸಬರು ‘ಮುಂದೇನು?’ ಎಂದು ಜೋರಾಗಿ ಕೇಳಿ, ಯಾರೂ ಉತ್ತರ ಕೊಡದಾಗ ಮುಖ ಕೆಂಪೇರಿಸಿಕೊಳ್ಳುತ್ತಾರೆ. ಬಟ್ಟೆಯ ಕೆಳಗೆ ಮುಚ್ಚಿಟ್ಟ ಎರಡು ಹಲ್ಲಾ ಬ್ರೆಡ್ಡುಗಳನ್ನು ತೆಗೆದು, ಮುರಿದು, ಉಪ್ಪು ಮುಟ್ಟಿಸಿ ಹಂಚಿದ ಮೇಲೆಯೇ ಮಾತು ಮತ್ತೆ ಆರಂಭ. ಆದುದರಿಂದ ಒಬ್ಬ ವಿದ್ಯಾರ್ಥಿ ಪ್ರತಿ ಹಂತಕ್ಕೂ ಮುಂಚೆ ಒಂದೇ ವಾಕ್ಯದಲ್ಲಿ, ‘ಈಗ ಕೈ ತೊಳೆಯುತ್ತೇವೆ, ಬ್ರೆಡ್ಡು ಬರುವವರೆಗೆ ಸುಮ್ಮನಿರುತ್ತೇವೆ’ ಎಂದು ಎಲ್ಲರಿಗೂ ಕೇಳುವಂತೆ ಹೇಳಲಿ. ಹೀಬ್ರೂ ಸಾಲುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದ ಚೀಟಿ ಪ್ರತಿ ತಟ್ಟೆಯ ಪಕ್ಕ ಇರಲಿ, ಗೊತ್ತಿರುವವರಿಗೂ ಗೊತ್ತಿಲ್ಲದವರಿಗೂ ಒಂದೇ ಚೀಟಿ. ಒಂದು ಮೇಜಿಗೆ ಎಂಟರಿಂದ ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ. ನಲವತ್ತು ಜನ ಬಂದರೆ ನಾಲ್ಕು ಮೇಜು ಹಾಕಿ, ಪ್ರತಿ ಮೇಜಿಗೂ ಒಬ್ಬ ಯಜಮಾನ ಅಥವಾ ಯಜಮಾನಿಯನ್ನು ಮೊದಲೇ ಗೊತ್ತುಮಾಡಿ, ಪದಾಧಿಕಾರಿಗಳು ಒಂದೇ ಕಡೆ ಕೂರದಂತೆ ನೋಡಿಕೊಳ್ಳಿ. ಈ ಕೊನೆಯ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿಯೇ ಇರಿ.

ನಾನು ಕೆಲಸಕ್ಕೆ ಹೊಸಬನಾಗಿದ್ದಾಗ ಆದದ್ದನ್ನು ಹೇಳಬೇಕು. ಶುಕ್ರವಾರದ ಊಟದ ಬಾಗಿಲಲ್ಲಿ ಸಣ್ಣ ಮೇಜಿಟ್ಟು, ಹಾಜರಿ ಹಾಳೆ ಮತ್ತು ದಾರ ಕಟ್ಟಿದ ಪೆನ್ನು ಇಟ್ಟಿದ್ದೆ. ಎಷ್ಟು ಜನ ಬಂದರೆಂದು ಇಲಾಖೆಗೆ ವರದಿ ಕೊಡಬೇಕಿತ್ತು. ಮೊದಲ ವರ್ಷದ ಹುಡುಗಿಯೊಬ್ಬಳು ಹಾಳೆಯ ಮುಂದೆ ಬಂದು ನಿಂತಳು. ಎರಡೂ ಕೈ ಕೋಟಿನ ಜೇಬಿನಲ್ಲೇ ಇದ್ದವು. ಮುಂದಿನವರು ಬರೆಯುವುದನ್ನು ನೋಡಿದಳು, ಪೆನ್ನನ್ನು ನೋಡಿದಳು, ನನ್ನನ್ನು ನೋಡಿದಳು, ಬದಿಗೆ ಸರಿದು ಹಿಂದಿನವರಿಗೆ ದಾರಿ ಬಿಟ್ಟು ಮೆಟ್ಟಿಲಿಳಿದು ಹೋದಳು. ಶಬ್ಬಾತಿನಲ್ಲಿ ಬರೆಯುವುದು ನಿಷಿದ್ಧ ಕೆಲಸಗಳಲ್ಲೊಂದು ಎಂದು ಸಹೋದ್ಯೋಗಿಯೊಬ್ಬರು ಆಮೇಲೆ ನನಗೆ ಹೇಳಿದರು. ಅವಳು ಆ ಸೆಮಿಸ್ಟರ್ ಮತ್ತೆ ಬರಲಿಲ್ಲ. ಹಾಜರಿ ಹಾಳೆ ಇರಬಾರದು, ಫೋಟೋ ತೆಗೆಯಬಾರದು, ಕಾರ್ಡ್ ತಿಕ್ಕಿದರಷ್ಟೇ ತೆರೆಯುವ ವಿದ್ಯುತ್ ಬಾಗಿಲಿದ್ದರೆ ಅದನ್ನು ತೆರೆದಿಡಲು ಒಬ್ಬರನ್ನು ನಿಲ್ಲಿಸಬೇಕು. ನಿಷ್ಠೆಯಿಂದ ಆಚರಿಸುವವರು ನಿಮ್ಮಲ್ಲಿ ಮೂವರೇ ಇರಬಹುದು, ಆದರೆ ಆ ಮೂವರು ಬರಲಾಗದ ಕೂಟಕ್ಕೆ ಯಹೂದಿ ಸಂಘದ ಊಟ ಎಂಬ ಹೆಸರು ಒಪ್ಪುವುದಿಲ್ಲ.

ಜನರನ್ನು ಒಂದು, ಎರಡು, ಮೂರು ಎಂದು ಎಣಿಸುವುದಕ್ಕೇ ಯಹೂದಿ ಸಂಪ್ರದಾಯದಲ್ಲಿ ಹಿಂಜರಿಕೆಯಿದೆ ಎಂಬುದನ್ನೂ ನಾನು ಆಗಲೇ ಕಲಿತದ್ದು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ಬೇಕು. ಹತ್ತು ಜನ ಸೇರಿದರೇ ಎಂದು ನೋಡಲು ತಲೆ ಎಣಿಸದೆ, ಹೀಬ್ರೂವಿನಲ್ಲಿ ಹತ್ತು ಪದಗಳಿರುವ ಕೀರ್ತನೆಯ ಒಂದು ವಚನವನ್ನು ಒಬ್ಬೊಬ್ಬರಿಗೆ ಒಂದೊಂದು ಪದದಂತೆ ಹೇಳುತ್ತಾ ಹೋಗುತ್ತಾರೆ. ವಚನ ಪೂರ್ತಿಯಾದರೆ ಜನ ಪೂರ್ತಿ. ನಿಮ್ಮ ವಿಭಾಗ ಸಂಖ್ಯೆ ಕೇಳಿಯೇ ಕೇಳುತ್ತದೆ, ತಟ್ಟೆಗಳ ಲೆಕ್ಕದಿಂದ ಅದನ್ನು ಕೊಡಿ. ಆದರೆ ನಿಮ್ಮ ಸ್ವಂತ ಪುಸ್ತಕದಲ್ಲಿ ಬೇರೆ ಲೆಕ್ಕ ಇಡಿ: ಈ ತಿಂಗಳು ನನಗೆ ಹೆಸರಿನಿಂದ ಗೊತ್ತಾದವರು ಎಷ್ಟು ಜನ, ಅವರಲ್ಲಿ ಇನ್ನೊಬ್ಬರನ್ನು ಕರೆತಂದವರು ಎಷ್ಟು, ಎರಡು ಬಾರಿ ಬಂದು ನಿಂತುಹೋದವರು ಯಾರು. ಮೂರನೆಯ ಸಾಲಿನವರಿಗೆ ಶನಿವಾರ ರಾತ್ರಿ ಕಳೆದ ಮೇಲೆ, ಯಾರಾದರೂ ಒಬ್ಬ ವಿದ್ಯಾರ್ಥಿ ‘ನಿನ್ನನ್ನು ಕಾಣಲಿಲ್ಲವಲ್ಲ, ಆರೋಗ್ಯವೇ?’ ಎಂದು ಒಂದು ಸಾಲು ಕಳುಹಿಸಲಿ.

ಅಡುಗೆಯ ಪ್ರಶ್ನೆ ಕೇಳಿದ್ದೀರಿ. ಬಡಿಸಬಹುದು, ಬಡಿಸಿದರೆ ಸಂತೋಷವೂ ಆಗುತ್ತದೆ, ಆದರೆ ನಿಮ್ಮ ಮನೆಯಲ್ಲಿ ಮಾಡಿ ಡಬ್ಬಿಯಲ್ಲಿ ತರುವುದು ಬೇಡ. ಕೋಷರ್, ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವುದು, ಪದಾರ್ಥದ ಮಾತು ಮಾತ್ರವಲ್ಲ, ಪಾತ್ರೆಯ ಮತ್ತು ಅಡುಗೆಮನೆಯ ಮಾತೂ ಹೌದು. ಮಡಿಯ ಅಡುಗೆ ನೋಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಿಲೆಲ್ ಅಥವಾ ಖಬಾದಿನ ಕೋಷರ್ ಅಡುಗೆಮನೆಯಲ್ಲಿ, ಅವರ ಪಾತ್ರೆಯಲ್ಲಿ, ಅವರ ಮೇಲ್ವಿಚಾರಕರ ಎದುರಿನಲ್ಲಿ ಮಾಡಿ. ಬೇಯಿಸುವ ಒಲೆಯನ್ನು ಯಹೂದಿಯೊಬ್ಬರೇ ಹೊತ್ತಿಸಬೇಕೆಂಬ ನಿಯಮವನ್ನು ಅನೇಕರು ಪಾಲಿಸುತ್ತಾರೆ. ವಿದ್ಯಾರ್ಥಿಯೊಬ್ಬ ಒಲೆ ಹೊತ್ತಿಸಲಿ, ನೀವು ಒಗ್ಗರಣೆ ಹಾಕಿ, ಇಬ್ಬರಿಗೂ ಕೆಲಸವಾಯಿತು. ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಒಂದೇ ಊಟದಲ್ಲಿ ಬಡಿಸುವಂತಿಲ್ಲವಾದ್ದರಿಂದ, ಅಂದು ಕೋಳಿಯ ಸಾರಿದ್ದರೆ ನಿಮ್ಮ ಚಿತ್ರಾನ್ನಕ್ಕೆ ತುಪ್ಪ ಬೀಳಕೂಡದು, ಕೋಸಂಬರಿಯ ಪಕ್ಕ ಮೊಸರು ಇರಕೂಡದು. ಎಣ್ಣೆಯಲ್ಲಿ ಮಾಡಿದ ಚಿತ್ರಾನ್ನ ಎರಡಕ್ಕೂ ಸೇರದ್ದು, ಇಂಥದ್ದನ್ನು ಪಾರ್ವೆ ಎನ್ನುತ್ತಾರೆ. ಎಣ್ಣೆ, ಮಸಾಲೆ ಪುಡಿಗಳ ಪೊಟ್ಟಣದ ಮೇಲೆ ಕೋಷರ್ ಮುದ್ರೆ ಇರಬೇಕು. ಕೊತ್ತಂಬರಿ, ಕರಿಬೇವನ್ನು ಹುಳುವಿಲ್ಲದಂತೆ ಎಲೆ ಎಲೆ ಬಿಡಿಸಿ ನೋಡುತ್ತಾರೆ. ಆ ಕೆಲಸಕ್ಕೆ ನಾಲ್ಕು ಜನರನ್ನು ಕೂರಿಸಿದರೆ ಅರ್ಧ ಗಂಟೆ ಒಳ್ಳೆಯ ಮಾತುಕತೆ ತಾನಾಗಿ ನಡೆಯುತ್ತದೆ. ಶುಕ್ರವಾರದ ಅಡುಗೆಯೆಲ್ಲ ಸೂರ್ಯಾಸ್ತದೊಳಗೆ ಮುಗಿದಿರಬೇಕು. ಹುಳಿಯೆದ್ದ ಧಾನ್ಯದ ತಿನಿಸನ್ನು ಮುಟ್ಟದ ಪಸ್ಕ ಹಬ್ಬದ ವಾರದಲ್ಲಿ ಮಾತ್ರ ಈ ಸಾಹಸ ಬೇಡ: ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ, ಅಷ್ಟೇ ಅಲ್ಲದೆ ಯುರೋಪ್ ಮೂಲದ ಅನೇಕ ಮನೆತನಗಳು ಆ ವಾರ ಅಕ್ಕಿ ಬೇಳೆಗಳನ್ನೂ ಬಿಡುತ್ತವೆ.

ನಿಮಗೆ ಇದಕ್ಕಿಂತ ಹತ್ತಿರದ ದಾರಿ ಒಂದಿದೆ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ಶುಭಕಾರ್ಯಗಳಲ್ಲಿ ಪ್ರವಾದಿ ಎಲೀಯನನ್ನು ನೆನೆದು ಮಲೀದಾ ಮಾಡುತ್ತಾರೆ: ನೆನೆಸಿದ ಅವಲಕ್ಕಿ, ತೆಂಗಿನ ತುರಿ, ಸಿಹಿ, ಏಲಕ್ಕಿ, ಸುತ್ತ ಹಣ್ಣುಗಳು. ಜನವರಿ ಅಥವಾ ಫೆಬ್ರುವರಿಯಲ್ಲಿ ಬರುವ ತು ಬಿಷ್ವಾತ್ ಎಂಬ ಮರಗಳ ಹಬ್ಬಕ್ಕೂ ಅವರಲ್ಲಿ ಇದು ನಡೆಯುತ್ತದೆ. ನಿಮ್ಮ ಮಧ್ಯಪಶ್ಚಿಮದ ಹಿಮದಲ್ಲಿ ಯಾವ ಕಾರ್ಯಕ್ರಮವೂ ಇಲ್ಲದ ಆ ವಾರಗಳಲ್ಲಿ ಒಂದು ಮಲೀದಾ ಸಂಜೆ ಇಟ್ಟರೆ, ಯಹೂದಿಯೆಂದರೆ ಯುರೋಪಿನಿಂದ ಬಂದವರು ಮಾತ್ರ ಎಂಬ ಭಾವನೆಯಿಂದ ಹೊರಗುಳಿದ ಇರಾನ್, ಯೆಮೆನ್, ಮೊರಾಕೊ, ಭಾರತ ಮೂಲದ ವಿದ್ಯಾರ್ಥಿಗಳಿಗೆ ಅದೇ ಒಂದು ಕರೆಯಾಗುತ್ತದೆ. ಅಡುಗೆ ನಿಮಗೆ ಹೊಸದಲ್ಲ, ಕಥೆ ಅವರಿಗೆ ಸೇರಿದ್ದು.

ಗುರುವಾರ ರಾತ್ರಿಯ ಹಲ್ಲಾ ತಯಾರಿಯನ್ನೂ ತಪ್ಪದೆ ಆರಂಭಿಸಿ. 2004ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಹಲ್ಲಾ ಬೇಯಿಸಿ ಮಾರಿ ಬಂದ ಹಣವನ್ನು ಸತ್ಕಾರ್ಯಗಳಿಗೆ ಕೊಡಲು ಶುರು ಮಾಡಿದ್ದು ಹಲ್ಲಾ ಫಾರ್ ಹಂಗರ್ ಎಂಬ ಹೆಸರಿನಲ್ಲಿ ಅನೇಕ ಕ್ಯಾಂಪಸ್ಸುಗಳಿಗೆ ಹರಡಿತು. ಈಸ್ಟ್ ಹಾಕಿ ಕಲಸಿದ ಹಿಟ್ಟು ಉಬ್ಬಲು ಒಂದು ಗಂಟೆಯಾದರೂ ಬೇಕು, ಜಡೆಯಂತೆ ಹೆಣೆದ ಮೇಲೆ ಮತ್ತೆ ಅರ್ಧ ಗಂಟೆ. ಆ ಹೊತ್ತಿನಲ್ಲಿ ಯಾರೂ ಎದ್ದು ಹೋಗುವಂತಿಲ್ಲ, ಕೈಗೆ ಹಿಟ್ಟು ಮೆತ್ತಿರುವುದರಿಂದ ಫೋನೂ ಮುಟ್ಟುವಂತಿಲ್ಲ. ಮೂರು ಎಳೆಯ ಜಡೆ ಬಂದವರು ಆರೆಳೆಯದನ್ನು ಹೆಣೆಯಲು ಹೋಗಿ ಸಿಕ್ಕು ಮಾಡಿಕೊಂಡು ಪಕ್ಕದವರನ್ನು ಕೇಳುತ್ತಾರೆ, ಅಲ್ಲಿಂದ ಪರಿಚಯ ಬೆಳೆಯುತ್ತದೆ. ಇದು ಶಬ್ಬಾತ್ ಅಲ್ಲವಾದ್ದರಿಂದ ಫೋಟೋ, ಸಂಗೀತ, ಹಾಜರಿ ಯಾವುದಕ್ಕೂ ಅಡ್ಡಿಯಿಲ್ಲ. ಯಹೂದಿಯಲ್ಲದ ಗೆಳೆಯರನ್ನೂ ಕರೆತರಲು ಹೇಳಿ. ಅರ್ಧ ಯಹೂದಿ ಮನೆತನದ ಹುಡುಗನಿಗೆ ತನ್ನ ರೂಮ್‌ಮೇಟ್ ಜೊತೆಗಿದ್ದರೆ ಬರುವ ಧೈರ್ಯ ಬೇರೆ.

ಹಬ್ಬಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ಅವು ವಿದ್ಯಾರ್ಥಿಗಳಿಗೆ ಗೊತ್ತು. ವರ್ಷಾರಂಭದ ರೋಷ್ ಹಶಾನಾ, ಹತ್ತನೆಯ ದಿನಕ್ಕೆ ಇಪ್ಪತ್ತೈದು ಗಂಟೆಗಳ ಉಪವಾಸದ ಯೋಮ್ ಕಿಪ್ಪುರ್, ಐದು ದಿನ ಬಿಟ್ಟು ಪರ್ಣಶಾಲೆಗಳ ಹಬ್ಬ, ಇವೆಲ್ಲ ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಹೊಸಬರಿಗೆ ಮನೆ ನೆನಪಾಗುವ ಮೊದಲ ವಾರಗಳಲ್ಲೇ ಬರುತ್ತವೆ.